ಸಹಾಯ ಬೇಕು: ಒಮಾಹಾ ಪೋಕರ್ ಗೊತ್ತಿದ್ದವರು ಯಾರಾದರೂ ಇದ್ದೀರಾ?

ನಮಸ್ಕಾರ. ಹುಬ್ಬಳ್ಳಿ ವಿದ್ಯಾನಗರದಲ್ಲಿ ನಾವು ಐದು ಜನ ಗೆಳೆಯರು ಭಾನುವಾರ ಸಂಜೆ ಮಾಳಿಗೆ ಮೇಲೆ ಕೂತು ಪೋಕರ್ ಕಲಿಯುತ್ತಿದ್ದೇವೆ. ದುಡ್ಡಿಲ್ಲ, ಹುಣಸೆ ಬೀಜ ಇಟ್ಟು ಆಟ. ನಡುನಡುವೆ ಗಿರ್ಮಿಟ್, ಮಿರ್ಚಿ.

ಪೋಕರ್‌ನ ಒಂದು ಬಗೆ ಟೆಕ್ಸಾಸ್ ಹೋಲ್ಡೆಮ್ ಆಡಲು ಬಂತು. ಮೂರೆಲೆ (ತೀನ್ ಪತ್ತಿ) ಆಡಿದ ಕೈಗೆ ಒಂದೇ ತೊಡಕು: ಅಲ್ಲಿ ಸೀಕ್ವೆನ್ಸ್ (ಸಾಲಾಗಿ ಬರುವ ಎಲೆ) ಕಲರ್‌ಗಿಂತ (ಎಲ್ಲ ಒಂದೇ ಗುರುತಿನ ಎಲೆ) ದೊಡ್ಡದು, ಇಲ್ಲಿ ಉಲ್ಟಾ. ಲೆಕ್ಕ ಹಾಕಿದೆ. ಮೂರು ಎಲೆಯಲ್ಲಿ ಬರೀ ಸೀಕ್ವೆನ್ಸ್ 720 ರೀತಿ, ಬರೀ ಕಲರ್ 1,096 ರೀತಿ ಬರುತ್ತದೆ. ಐದು ಎಲೆಯಲ್ಲಿ ಸೀಕ್ವೆನ್ಸ್ 10,200, ಕಲರ್ 5,108. ಅಪರೂಪದ್ದೇ ದೊಡ್ಡದು, ಸರಿ ಅಲ್ವಾ!

ಕಷ್ಟ ಶುರುವಾಗಿದ್ದು ಒಮಾಹಾದಲ್ಲಿ. ಹೋದ ವಾರ ನನ್ನ ನಾಲ್ಕು ಎಲೆಯಲ್ಲಿ ಆಟಿನ್ ಎಕ್ಕ ಇತ್ತು, ಉಳಿದ ಮೂರೂ ಕಪ್ಪು. ನೆಲದ ಮೇಲೆ ಎಲ್ಲರಿಗೂ ಸೇರಿದ ಎಲೆಗಳಲ್ಲಿ ನಾಲ್ಕು ಆಟಿನ್. 'ಕಲರ್!' ಎಂದು ಕೂಗಿ ಬೀಜ ಎಳೆದುಕೊಂಡೆ. ಆದರೆ ಒಮಾಹಾದಲ್ಲಿ ಕೈಯಿಂದ ಎರಡೇ ಎಲೆ, ನೆಲದಿಂದ ಮೂರೇ ಎಲೆ ಬಳಸಬೇಕಂತೆ; ನನ್ನ ಕೈಯಲ್ಲಿದ್ದ ಆಟಿನ್ ಒಂದೇ. ಎಳೆದದ್ದೆಲ್ಲ ವಾಪಸ್. ಆ ನಗು ಇನ್ನೂ ನಿಂತಿಲ್ಲ.

ಈಗ ಒಮಾಹಾದ ಹೈ-ಲೋ ಹಿಡಿದಿದ್ದೇವೆ: ಅರ್ಧ ಬೀಜ ದೊಡ್ಡ ಕೈಗೆ, ಅರ್ಧ ಸಣ್ಣ ಕೈಗೆ, ಅಂದರೆ ಲೋಗೆ. ಲೋ ಆಗಲು ಎಂಟು ಅಥವಾ ಅದಕ್ಕಿಂತ ಸಣ್ಣ ಐದು ಬೇರೆ ಬೇರೆ ಎಲೆ ಬೇಕು, ಅದು ಗೊತ್ತು. ನನ್ನ ಕೈಯಲ್ಲಿ ಎಕ್ಕ, ಎರಡರ ಎಲೆ ಇದ್ದು ಕೊನೆಗೆ ನೆಲದ ಮೇಲೂ ಎರಡರ ಎಲೆ ಬಿದ್ದರೆ ನನ್ನ ಲೋ ಕೆಟ್ಟಂತೆಯೇ? ಪೋಕರ್‌ನ ಇನ್ನೊಂದು ಬಗೆ ಸೆವೆನ್ ಕಾರ್ಡ್ ಸ್ಟಡ್‌ನಲ್ಲಿ ಇಬ್ಬರ ತೆರೆದ ಎಲೆಯೂ ಒಂದೇ ಸಣ್ಣ ಎಲೆಯಾದರೆ ಮೊದಲು ಬೀಜ ಹಾಕುವವರು ಯಾರು?

ಆ್ಯಪ್ ಲಿಂಕ್ ಕಳಿಸಬೇಡಿ, ದುಡ್ಡಿನ ಆಟ ನಮಗೆ ಬೇಡ. ಒಂದು ಸಂಜೆ ಬಂದು ಹೇಳಿಕೊಟ್ಟರೆ ಧಾರವಾಡ ಪೇಡೆ ನನ್ನ ಕಡೆಯಿಂದ.