14 ವಾರದ ಚುಚ್ಚುಮದ್ದು ತಪ್ಪಿದೆ, ಮಗುವಿಗೆ ನೆಗಡಿ ಬೇರೆ. ಪಿಸಿವಿ (ನ್ಯುಮೋನಿಯಾ ತಡೆಯಲು ಹಾಕುವ ಚುಚ್ಚುಮದ್ದು) ಈಗ ಹಾಕಿಸಬಹುದಾ?

ಘಟ್ಟದ ಮೇಲಿನ ತಾಯಿ, ಶಿರಸಿ

ನಮ್ಮದು ಶಿರಸಿಯಿಂದ ದೇವಿಮನೆ ಘಟ್ಟದ ಕಡೆ ಒಂದು ಹಳ್ಳಿ. ಮಗಳಿಗೆ ನಾಲ್ಕೂವರೆ ತಿಂಗಳು. ಆರು ವಾರದ್ದು, ಹತ್ತು ವಾರದ್ದು ಸರಿಯಾಗಿ ಆಗಿವೆ. ಹದಿನಾಲ್ಕು ವಾರದ್ದು ತಪ್ಪಿಹೋಯ್ತು. ಆ ಗುರುವಾರ ಬೆಳಿಗ್ಗೆಯಿಂದ ಮಳೆ ಬಿಟ್ಟಿರಲಿಲ್ಲ. ನಮ್ಮ ಮನೆಯಿಂದ ರಸ್ತೆಗೆ ಹೋಗಲು ಹಳ್ಳಕ್ಕೆ ಅಡ್ಡ ಒಂದು ಕಾಲುಸಂಕ ಅಷ್ಟೇ, ಅಡಿಕೆ ಮರದ್ದು. ನೀರು ಸಂಕದ ಮೇಲೆಯೇ ಹರಿಯುತ್ತಿತ್ತು. ಮಗುವನ್ನು ಎತ್ತಿಕೊಂಡು ದಾಟಲು ಧೈರ್ಯ ಬರಲಿಲ್ಲ. ಮುಂದಿನ ವಾರ ಹೋಗೋಣ ಅಂದರೆ ನೆಗಡಿ ಶುರು. ನೆಗಡಿ ಇರುವಾಗ ಸೂಜಿ ಬೇಡ ಅಂದರು ಅತ್ತೆ. ಹೀಗೇ ಒಂದು ತಿಂಗಳು ಕಳೆಯಿತು.

ತಾಯಿ ಕಾರ್ಡ್ ತೆಗೆದು ನೋಡಿದೆ. ಪಿಸಿವಿ ಅಂತ ಆರು ವಾರಕ್ಕೆ ಒಂದು ತಾರೀಕು ಬರೆದಿದೆ. ಹತ್ತು ವಾರಕ್ಕೆ ಹಾಕಿಯೇ ಇಲ್ಲ. ಮರೆತರಾ? ಪೇಟೆಯಲ್ಲಿರುವ ನನ್ನ ಗೆಳತಿ ಮಗನಿಗೆ ಖಾಸಗಿಯಲ್ಲಿ ದುಡ್ಡು ಕೊಟ್ಟು ಆರು, ಹತ್ತು, ಹದಿನಾಲ್ಕು ವಾರಕ್ಕೆ ಮೂರೂ ಹಾಕಿಸಿದ್ದಾಳೆ. ಸರ್ಕಾರದ್ದು ಕಡಿಮೆ ಗುಣದ್ದಾ? ಇನ್ನೊಂದು, ಒಂದು ಡೋಸ್ ಆದಮೇಲೂ ಮಗುವಿಗೆ ನೆಗಡಿ, ಕೆಮ್ಮು ಬಂತಲ್ಲ. ಹಾಗಾದರೆ ಇದರಿಂದ ಏನು ಉಪಯೋಗ ಅಂತ ಮನೆಯಲ್ಲಿ ಕೇಳುತ್ತಾರೆ. ರಾತ್ರಿ ಎದೆ ಗೊರಗೊರ ಅಂದರೆ ನನಗೆ ನಿದ್ದೆ ಬರುವುದಿಲ್ಲ.

ಕುಮಟಾದಿಂದ ಒಬ್ಬ ಅಕ್ಕ

ತಂಗಿ, ನಿಮ್ಮ ಬರಹ ಓದಿ ಸುಮ್ನೆ ಇರಲು ಆಗಲಿಲ್ಲ.

ನನ್ನ ಮಗನಿಗೆ 2019ರ ಮಳೆಗಾಲದಲ್ಲಿ ನ್ಯುಮೋನಿಯಾ ಆಯಿತು. ಎಂಟು ತಿಂಗಳ ಮಗು. ಆಗ ನಮ್ಮ ಕಡೆ ಸರ್ಕಾರದ ಪಟ್ಟಿಯಲ್ಲಿ ಈ ಚುಚ್ಚುಮದ್ದು ಇರಲಿಲ್ಲ. ಮಕ್ಕಳ ಡಾಕ್ಟರು ಹೇಳಿದ್ದರು. ಒಂದು ಡೋಸಿಗೇ ಸಾವಿರಗಟ್ಟಲೆ ಆಗುತ್ತದೆ ಅಂತ ನಾವು ಮುಂದೆ ನೋಡೋಣ ಅಂದೆವು. ಮೂರು ದಿನ ಮಾಮೂಲಿ ನೆಗಡಿ ಇತ್ತು. ಸಾಂಬಾರ ಸೊಪ್ಪು ಬಾಡಿಸಿ ರಸ ಹಾಕಿದೆವು. ನಾಲ್ಕನೇ ದಿನ ಸಂಜೆ ಮೊಲೆ ಕಚ್ಚುತ್ತಾನೆ, ಬಿಡುತ್ತಾನೆ, ಮತ್ತೆ ಕಚ್ಚುತ್ತಾನೆ. ಉಸಿರಾಡಲು ಹಾಲು ಬಿಡುತ್ತಿದ್ದ ಅಂತ ನನಗೆ ತಿಳಿಯಲೇ ಇಲ್ಲ. ಹಸಿವಿಲ್ಲ ಅಂದುಕೊಂಡೆ. ಬಟ್ಟೆ ಬದಲಿಸಲು ಅಂಗಿ ಎತ್ತಿದಾಗ ಕಂಡಿತು. ಪ್ರತಿ ಉಸಿರಿಗೂ ಪಕ್ಕೆಯ ಕೆಳಗೆ ಒಂದು ಗುಳಿ ಬೀಳುತ್ತಿತ್ತು. ಮೂಗಿನ ಹೊಳ್ಳೆ ಅರಳುತ್ತಿತ್ತು. ಕೆಮ್ಮು ಮಾತ್ರ ಕಡಿಮೆಯಾಗಿತ್ತು, ಅದಕ್ಕೇ ನಾವು ಮೋಸಹೋದೆವು.

ಇಲ್ಲಿ ಆಕ್ಸಿಜನ್ ಹಾಕಿ ಮಣಿಪಾಲಕ್ಕೆ ಕಳಿಸಿದರು. ಎರಡು ತಾಸಿಗೂ ಜಾಸ್ತಿ ದಾರಿ, ಜೋರು ಮಳೆ. ನಮ್ಮ ಜಿಲ್ಲೆಯವರ ಪಾಡು ಗೊತ್ತಲ್ವಾ, ದೊಡ್ಡ ಕಾಯಿಲೆ ಅಂದರೆ ಗೋವಾ ಇಲ್ಲವೇ ಮಣಿಪಾಲ. ಮಗ ಉಳಿದ. ಯಾವ ರೋಗಾಣು ಅಂತ ಖಚಿತವಾಗಿ ಗೊತ್ತಾಗಲಿಲ್ಲ. ಆದರೆ ತಡೆಯಲು ಇದ್ದ ಒಂದು ದಾರಿಯನ್ನು ನಾವು ಬಿಟ್ಟೆವಲ್ಲ ಅನ್ನುವುದು ಇವತ್ತಿಗೂ ಮನಸ್ಸಿನಲ್ಲಿದೆ. ನಿಮಗೆ ಅದು ಪುಕ್ಕಟೆ ಸಿಗುತ್ತಿದೆ. ದಯವಿಟ್ಟು ಈ ಗುರುವಾರವೇ ಹೋಗಿ.

ಅಂಕೋಲಾ ಕಡೆಯ ಸಿಸ್ಟರ್

ಉಪಕೇಂದ್ರದಲ್ಲಿ ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಚುಚ್ಚುಮದ್ದು ಹಾಕುತ್ತಿದ್ದೇನೆ.

ಹತ್ತು ವಾರಕ್ಕೆ ಯಾರೂ ಮರೆತಿಲ್ಲ. ಸರ್ಕಾರದ ಕ್ರಮದಲ್ಲಿ ಪಿಸಿವಿ ಆರು ವಾರ, ಹದಿನಾಲ್ಕು ವಾರ, ಆಮೇಲೆ ಒಂಬತ್ತು ತಿಂಗಳಿಗೆ ಬೂಸ್ಟರ್. ಖಾಸಗಿಯಲ್ಲಿ ಮೊದಲು ಮೂರು, ವರ್ಷ ತುಂಬಿದ ಮೇಲೆ ಒಂದು ಬೂಸ್ಟರ್. ಎರಡೂ ಒಪ್ಪಿತ ಕ್ರಮಗಳೇ. ಗುಣ ಕಡಿಮೆ ಅನ್ನುವ ಮಾತು ಬೇಡ. 2017ರಲ್ಲಿ ಹಿಮಾಚಲ ಪ್ರದೇಶ ಮತ್ತು ಬಿಹಾರ, ಉತ್ತರ ಪ್ರದೇಶದ ಕೆಲವು ಜಿಲ್ಲೆಗಳಲ್ಲಿ ಶುರುಮಾಡಿ, 2021ರಲ್ಲಿ ಇಡೀ ದೇಶಕ್ಕೆ ತಂದರು. ಮೊದಲ ವರ್ಷ ನಾನು ಆ ಬಾಟಲಿ ಕೈಯಲ್ಲಿ ಹಿಡಿದಾಗ ಖುಷಿಯಾಗಿತ್ತು. ಅದಕ್ಕೂ ಮೊದಲು ಬಡವರಿಗೆ ಹೆಸರು ಹೇಳುವುದಕ್ಕೂ ನಮಗೆ ಸಂಕೋಚ.

ಸಾದಾ ನೆಗಡಿಗೆ ಚುಚ್ಚುಮದ್ದು ಮುಂದೂಡಬೇಕಿಲ್ಲ. ಮಗು ಹಾಲು ಕುಡಿಯುತ್ತಾ, ಆಡುತ್ತಾ ಇದ್ದರೆ ಹಾಕಿಸಿ. ಜೋರು ಜ್ವರ, ಉಸಿರಾಟದ ತೊಂದರೆ ಇದ್ದರೆ ಮಾತ್ರ ಮೊದಲು ಡಾಕ್ಟರಿಗೆ ತೋರಿಸಿ. ತಡವಾಯಿತು ಅಂತ ಮತ್ತೆ ಮೊದಲಿನಿಂದ ಶುರುಮಾಡುವುದೂ ಇಲ್ಲ, ಬಿಟ್ಟಲ್ಲಿಂದ ಮುಂದುವರಿಸುತ್ತೇವೆ. ಸರ್ಕಾರದ ಕ್ರಮದಲ್ಲಿ ಎರಡು ಪಿಸಿವಿ ನಡುವೆ ಎಂಟು ವಾರ ಇರಬೇಕು, ನಿಮಗೆ ಅದು ದಾಟಿದೆ. ಪೆಂಟಾ (ಐದು ರೋಗಕ್ಕೆ ಒಂದೇ ಚುಚ್ಚುಮದ್ದು) ಮೂರನೆಯದು, ಪೋಲಿಯೊ, ಭೇದಿಗೆ ಹಾಕುವ ರೋಟಾ ಕೂಡ ಉಳಿದಿವೆ. ಪೆಂಟಾ ಎಡ ತೊಡೆಗೆ, ಪಿಸಿವಿ ಬಲ ತೊಡೆಗೆ, ಎಲ್ಲ ಒಂದೇ ದಿನ ಆಗುತ್ತದೆ.

ಇನ್ನು ನೆಗಡಿ ಯಾಕೆ ಬಂತು ಅಂದರೆ, ನೆಗಡಿ ವೈರಸ್‌ನಿಂದ ಬರುವುದು. ಪಿಸಿವಿ ತಡೆಯುವುದು ನ್ಯುಮೋಕಾಕಸ್ ಅನ್ನುವ ಬ್ಯಾಕ್ಟೀರಿಯಾವನ್ನು. ಅದರಲ್ಲಿ ನೂರರಷ್ಟು ಬಗೆ ಇವೆ, ಹೆಚ್ಚು ತೊಂದರೆ ಕೊಡುವ ಕೆಲವು ಬಗೆಗಳಿಗೆ ಮಾತ್ರ ಈ ಲಸಿಕೆ. ಅದೇ ರೋಗಾಣು ಮೆದುಳಿನ ಪೊರೆಗೆ, ರಕ್ತಕ್ಕೆ ಹೋದರೆ ಮಗು ಕೈಬಿಟ್ಟು ಹೋಗಬಹುದು. ತಪ್ಪಿಸಬೇಕಾದದ್ದು ಅದನ್ನು. ವರ್ಷಕ್ಕೆ ನಾಲ್ಕು ಸಲ ಮೂಗು ಸೋರಿದರೆ ಚುಚ್ಚುಮದ್ದು ಸೋತಿತು ಅಂತ ಅಲ್ಲ.

ರಾತ್ರಿ ಹೆದರಿಕೆಯಾದರೆ ಹೀಗೆ ಮಾಡಿ. ಮಗು ಅಳದೆ ಸಮಾಧಾನವಾಗಿರುವಾಗ ಅಂಗಿ ಎತ್ತಿ, ಹೊಟ್ಟೆ ನೋಡುತ್ತಾ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಅರ್ಧ ನಿಮಿಷ ಎಣಿಸಿ ಎರಡು ಪಟ್ಟು ಮಾಡಬೇಡಿ, ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. ಎರಡು ತಿಂಗಳಿಂದ ಒಂದು ವರ್ಷದ ಒಳಗೆ 50 ಅಥವಾ ಜಾಸ್ತಿ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ವರ್ಷ ದಾಟಿ ಐದರೊಳಗಿನವರಿಗೆ 40. ಎರಡು ತಿಂಗಳೊಳಗಿನ ಕೂಸಿಗೆ 60. ಪಕ್ಕೆ ಒಳಗೆ ಸೆಳೆದರೆ, ಹಾಲು ಬಿಟ್ಟರೆ, ತುಟಿ ನೀಲಿಯಾದರೆ, ಎಬ್ಬಿಸಿದರೂ ಏಳದಿದ್ದರೆ ಎಣಿಸುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ.

ಒಂದು ಮಾತು ಕೇಳಲೇಬೇಕು. ಮಗುವಿಗೆ ಎಣ್ಣೆಸ್ನಾನದ ನಂತರ ಲೋಬಾನದ ಹೊಗೆ ಹಿಡಿಯುತ್ತೀರಾ?

ಘಟ್ಟದ ಮೇಲಿನ ತಾಯಿ, ಶಿರಸಿ

ಹಿಡಿಯುತ್ತೇವೆ ಸಿಸ್ಟರ್. ದಿನಾ. ಮೀಯಿಸಲು ಬರುವ ಅಜ್ಜಿ ಮೂಗಿಗೆ ಎರಡು ಹನಿ ಕೊಬ್ಬರಿ ಎಣ್ಣೆಯನ್ನೂ ಬಿಡುತ್ತಾರೆ. ಬಟ್ಟೆ ಒಣಗದೆ ಬಚ್ಚಲ ಒಲೆಯ ಪಕ್ಕ ಹರವುತ್ತೇವೆ, ಅಲ್ಲೇ ತೊಟ್ಟಿಲು ಕೂಡ ಇದೆ, ಬೆಚ್ಚಗಿರಲಿ ಅಂತ.

ಅಂಕೋಲಾ ಕಡೆಯ ಸಿಸ್ಟರ್

ಮೂಗಿಗೆ ಎಣ್ಣೆ ಇವತ್ತೇ ನಿಲ್ಲಿಸಿ. ಅದು ಶ್ವಾಸಕೋಶಕ್ಕೆ ಇಳಿದರೆ ಅದರಿಂದಲೇ ನ್ಯುಮೋನಿಯಾ ಆಗುತ್ತದೆ. ಲೋಬಾನ, ಒಲೆಯ ಹೊಗೆ ಎರಡೂ ಮಗುವಿನ ಉಸಿರಿಗೆ ಕೆಡುಕು. ತೊಟ್ಟಿಲನ್ನು ಒಳಗಿನ ಕೋಣೆಗೆ ಹಾಕಿ. ಅಜ್ಜಿಗೆ ಬೇಜಾರಾಗದ ಹಾಗೆ ಹೇಳಿ, ಅವರು ಪ್ರೀತಿಯಿಂದಲೇ ಮಾಡುವುದು. ನಾನಾದರೆ ಮೈಗೆ ಎಣ್ಣೆ ಹಚ್ಚುವುದು ನಿಮ್ಮದೇ ಕೆಲಸ ಅಜ್ಜಿ, ಮೂಗು ಮಾತ್ರ ನನಗೆ ಬಿಡಿ ಅನ್ನುತ್ತೇನೆ.

ಕಾರವಾರದ ಅಜ್ಜ

ನನ್ನ ಮೊಮ್ಮಗನಿಗೆ ಎರಡೂವರೆ ವರ್ಷ. ಮಗ, ಸೊಸೆ ದೋಣಿ ಕೆಲಸಕ್ಕೆ ಊರೂರು ತಿರುಗಿ ಪಿಸಿವಿ ಒಂದೂ ಆಗಿಲ್ಲ. ಈಗ ಸಿಗುತ್ತದೆಯೇ ತಾಯಿ?

ಅಂಕೋಲಾ ಕಡೆಯ ಸಿಸ್ಟರ್

ನಮ್ಮಲ್ಲಿ ಮೊದಲ ಡೋಸ್ ವರ್ಷದ ಒಳಗೇ ಆಗಬೇಕು ಅಜ್ಜ. ಆದರೆ ಐದು ವರ್ಷದವರೆಗೂ ಮಕ್ಕಳ ಡಾಕ್ಟರ ಹತ್ತಿರ ಹಾಕಿಸಬಹುದು, ಆ ವಯಸ್ಸಿಗೆ ಡೋಸೂ ಕಡಿಮೆ ಸಾಕು. ದಡಾರ ರುಬೆಲ್ಲಾ ಆಗಿದೆಯಾ ನೋಡಿ. ಅದು ಬಾಕಿ ಇದ್ದರೆ ಮಗುವನ್ನು ಕರೆದುಕೊಂಡು ನಿಮ್ಮ ಹತ್ತಿರದ ಕೇಂದ್ರಕ್ಕೆ ಬನ್ನಿ, ಅದು ನಮ್ಮಲ್ಲೇ ಸಿಗುತ್ತದೆ.

ಘಟ್ಟದ ಮೇಲಿನ ತಾಯಿ, ಶಿರಸಿ

ಗುರುವಾರ ಹೋಗಿ ಬಂದೆವು. ಮಾವ ಸಂಕಕ್ಕೆ ಬಿದಿರಿನ ಕೈಹಿಡಿ ಕಟ್ಟಿದರು, ನಮ್ಮವರು ಮಗುವನ್ನು ಕಂಬಳಿಯಲ್ಲಿ ಸುತ್ತಿ ದಾಟಿಸಿದರು. ಎರಡೂ ತೊಡೆಗೆ ಆಯಿತು. ರಾತ್ರಿ ಮೈ ಸ್ವಲ್ಪ ಬಿಸಿ ಇತ್ತು, ಅಲ್ಲಿ ಕೊಟ್ಟ ಔಷಧಿ ಹೇಳಿದಷ್ಟೇ ಹಾಕಿದೆ. ಬೆಳಗಿನ ಜಾವ ಮಲಗಿದ್ದಾಗ ಅತ್ತೆ ಟಾರ್ಚ್ ಹಿಡಿದರು, ನಾನು ಗಡಿಯಾರ ನೋಡುತ್ತಾ ಎಣಿಸಿದೆ. 36 ಬಂತು. ಅತ್ತೆ ಇನ್ನೊಂದು ಸಲ ಎಣಿಸು ಅಂದರು. 38. ಒಂಬತ್ತು ತಿಂಗಳಿನ ತಾರೀಕನ್ನು ಅವರೇ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿದ್ದಾರೆ.