ಅಪ್ಪನ 1978ರ ಫಿಯೆಟ್ ಕಬ್ಬಿನ ಟ್ರೈಲರ್‌ಗೆ ಗುದ್ದಿದೆ. ರಿಪೇರಿ ಮಾಡಿಸಲಾ, ಬೇರೆ ಪದ್ಮಿನಿ ತಗೊಳ್ಳಲಾ?

ಮದ್ದೂರು ಫಿಯೆಟ್:

ಎಲ್ಲರಿಗೂ ನಮಸ್ಕಾರ. ಹಳೇ ಗಾಡಿ ಇಟ್ಟುಕೊಂಡವರು ಇಲ್ಲಿ ತುಂಬಾ ಜನ ಇದ್ದೀರಿ ಅಂತ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಬೈಕೋಬೇಡಿ.

ಗಾಡಿ 1978ರ ಪ್ರೀಮಿಯರ್ ಪದ್ಮಿನಿ. ನಮ್ಮ ಕಡೆ ಪದ್ಮಿನಿ ಅಂತ ಯಾರೂ ಅನ್ನಲ್ಲ, ಫಿಯೆಟ್ ಅಂತಲೇ. ಅಪ್ಪ 1986ರಲ್ಲಿ ಮೈಸೂರಿನ ಒಬ್ಬ ಡಾಕ್ಟರ ಹತ್ತಿರ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಸಿಎ ಇಂದ ಶುರುವಾಗುವ ಹಳೇ ನಂಬರ್. 1089 ಸಿಸಿ ಎಂಜಿನ್, ಸ್ಟೇರಿಂಗ್ ಕೆಳಗೇ ಗೇರ್. ಅಪ್ಪ ಹೋಗಿ ಆರು ವರ್ಷ. ವಾರಕ್ಕೊಮ್ಮೆ ಮಂಡ್ಯಕ್ಕೆ ಹೋಗಿ ಬರೋಕೆ ನಾನು ಇದನ್ನೇ ತೆಗೆಯುತ್ತಿದ್ದೆ.

ಮೂರು ವಾರದ ಹಿಂದೆ ಸಂಜೆ, ಹೈವೇ ಬಿಟ್ಟು ನಮ್ಮೂರ ರಸ್ತೆಗೆ ತಿರುಗಿದ ಮೇಲೆ, ಕಬ್ಬು ತುಂಬಿದ ಟ್ರೈಲರ್ ಒಂದು ಪಂಚರ್ ಆಗಿ ರಸ್ತೆ ಮೇಲೇ ನಿಂತಿತ್ತು. ಹಿಂದೆ ಲೈಟಿಲ್ಲ, ರಿಫ್ಲೆಕ್ಟರ್ ಇಲ್ಲ. ನಾಲ್ಕು ಕಲ್ಲು, ಒಂದು ಸೊಪ್ಪಿನ ಕೊಂಬೆ ಇಡೋ ಶಾಸ್ತ್ರ ಕೂಡ ಮಾಡಿರಲಿಲ್ಲ. ಎದುರಿಗೆ ಬೈಕ್ ಬರುತ್ತಿತ್ತು, ಹಾಗಾಗಿ ಬಲಕ್ಕೆ ಹೋಗುವ ಹಾಗಿಲ್ಲ. ಬ್ರೇಕ್ ಮೇಲೆ ನಿಂತು ಎಡಕ್ಕೆ ಎಳೆದೆ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಎಷ್ಟು ಹಿಡಿಯುತ್ತೆ ಅಂತ ನಿಮಗೇ ಗೊತ್ತು. ನನ್ನ ಬಲಗಡೆ ಮೂತಿ ಟ್ರೈಲರ್‌ನ ಎಡಗಡೆ ಮೂಲೆಗೆ ಹೋಗಿ ಕೂತಿತು. ಬಾನೆಟ್ ಮೇಲೆ ಹತ್ತು ಕಬ್ಬು ಬಿದ್ದಿದ್ದವು. ಟ್ರ್ಯಾಕ್ಟರ್‌ನವನು ಮೊದಲು ಅದನ್ನೇ ಎತ್ತಿಟ್ಟುಕೊಂಡ.

ಈಗಿನ ಸ್ಥಿತಿ: ಬಲಗಡೆ ಮಡ್‌ಗಾರ್ಡ್ ಟೈರಿಗೆ ಅಂಟಿದೆ. ಹೆಡ್‌ಲೈಟ್ ಇಲ್ಲ. ಮುಂದಿನ ಶೋ, ಅಂದರೆ ಮೂತಿಯ ಜಾಲರಿ, ಪೂರ್ತಿ ಹೋಗಿದೆ. ಫ್ಯಾನ್ ರೇಡಿಯೇಟರ್ ಒಳಗೆ ನುಗ್ಗಿ ಅರ್ಧಚಂದ್ರ ಕೊರೆದಿದೆ. ಎಂಜಿನ್ ಮೌಂಟ್ ಒಂದು ಮುರಿದಿದೆ. ಬಲಗಡೆ ಚಕ್ರ ಎರಡು ಬೆರಳಿನಷ್ಟು ಹಿಂದೆ ಬಂದಿದೆ. ಎಂಜಿನ್ ಮಾತ್ರ ಮರುದಿನ ಹೊರಗಿಂದ ನೀರು ಬಿಟ್ಟು ನೋಡಿದರೆ ಸ್ಟಾರ್ಟ್ ಆಯಿತು. ನನಗೆ ಸ್ಟೇರಿಂಗ್ ಎದೆಗೆ ಬಡಿದು ಕಪ್ಪಗೆ ಕಂದಿತ್ತು, ಪಕ್ಕೆಲುಬು ಮುರಿದಿಲ್ಲ.

ಇರೋದು ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮಾತ್ರ. ಊರಿನ ಟಿಂಕರ್ 55,000 ಅಂದ, "ಹದಿನೈದು ದಿನದಲ್ಲಿ ಹೊಸದು ಮಾಡಿಕೊಡ್ತೀನಿ ಬನ್ನಿ" ಅಂತ. ಮೈಸೂರಿನ ಗ್ಯಾರೇಜಿನವರು ಪೇಂಟ್ ಸೇರಿ 1,60,000 ಅಂದರು, ದಿನ ಹೇಳಲಿಲ್ಲ. ಅದೇ ಮೈಸೂರಲ್ಲಿ 1983ರ ಪದ್ಮಿನಿ, ಓಡುತ್ತಿರುವುದು, 1,35,000ಕ್ಕೆ ಸಿಗುತ್ತಿದೆ. ಲೆಕ್ಕ ನೋಡಿದರೆ ತಲೆ ಕೆಡುತ್ತೆ.

ಮನೇಲಿ ಕೇಳಿದರೆ ಹೆಂಡತಿ, "ರೀ, ನಿಮ್ಮ ಎದೆ ಇನ್ನೂ ನೋಯ್ತಿದೆ, ಗಾಡಿ ಮಾತು ಆಮೇಲೆ" ಅಂತಾಳೆ. ಅಮ್ಮ ಆದರೂ ಇಟ್ಟುಕೋ ಅನ್ನಬಹುದು ಅಂದುಕೊಂಡಿದ್ದೆ. "ನಿಮ್ಮಪ್ಪ ಇದ್ದಿದ್ರೆ ಇಷ್ಟೊತ್ತಿಗೆ ಮಾರಿ ದುಡ್ಡು ಎಣಿಸ್ತಿದ್ರು" ಅಂದರು! ನಿಜಾನೇ. ಅಪ್ಪನಿಗೆ ಗಾಡಿ ಮೇಲೆ ಅಂಥ ಮೋಹ ಇರಲಿಲ್ಲ, ಇರೋದು ನನಗೇ.

ಏನು ಮಾಡಲಿ?

ಟಿಂಕರ್ ಮಗ, ಹಾಸನ:

ಅಣ್ಣ, ಮೊದಲು ಒಂದು ಕೆಲಸ ಮಾಡಿ. ಡ್ರೈವರ್ ಡೋರ್ ಹಾಕಿ, ಸುತ್ತ ಇರುವ ಸಂದು ನೋಡಿ. ಮೇಲೆ ಎಷ್ಟು, ಕೆಳಗೆ ಎಷ್ಟು? ಎರಡು ರೂಪಾಯಿ ನಾಣ್ಯ ಎಲ್ಲ ಕಡೆ ಒಂದೇ ಥರ ಹೋಗುತ್ತಾ? ಆ ಡೋರ್ ಹೇಳೋದನ್ನ ಯಾವ ಮೆಕ್ಯಾನಿಕ್ಕೂ ಹೇಳಲ್ಲ.

ಜೀಪು, ಲಾರಿಗೆ ಕೆಳಗೆ ಬೇರೆ ಚಾಸಿ ಇರುತ್ತೆ. ಮೇಲಿನ ಬಾಡಿ ಎಷ್ಟು ನುಜ್ಜಾದರೂ ಬಿಚ್ಚಿ ಬೇರೆ ಹಾಕಬಹುದು. ಫಿಯೆಟ್ ಹಾಗಲ್ಲ. ಬಾಡಿಯೇ ಚಾಸಿ. ಮಡ್‌ಗಾರ್ಡ್, ಶೋ, ಬಾನೆಟ್ ಇವೆಲ್ಲ ಬಟ್ಟೆ ಇದ್ದ ಹಾಗೆ, ಹರಿದರೆ ಬದಲಾಯಿಸಬಹುದು. ಮಡ್‌ಗಾರ್ಡ್ ಒಳಗಿನ ತಗಡು ಅಂದರೆ ಏಪ್ರನ್, ಸಸ್ಪೆನ್ಷನ್ ಕೂರುವ ಜಾಗ, ಡೋರಿನ ಮುಂದಿನ ಪಿಲ್ಲರ್ ಇವು ಮೂಳೆ. ನಿಮ್ಮ ಚಕ್ರ ಹಿಂದೆ ಬಂದಿದೆ ಅಂದರೆ ಮೂಳೆಗೆ ಪೆಟ್ಟು ಬಿದ್ದಿದೆ. ಎಷ್ಟು ದೂರ ಹೋಗಿದೆ ಅನ್ನೋದೇ ಪ್ರಶ್ನೆ.

55,000 ಅಂದವರು ಅಳತೆ ತಗೊಂಡರಾ? ಇಲ್ಲ ಅಂದರೆ ಅವರು ಚೈನ್ ಕಟ್ಟಿ ತೆಂಗಿನ ಮರಕ್ಕೆ ಎಳೆದು, ಮೇಲೆ ಪುಟ್ಟಿ ಬಳಿದು ಕೊಡುತ್ತಾರೆ. ನೋಡೋಕೆ ಚೆನ್ನಾಗಿರುತ್ತೆ. ಗಾಡಿ ಮಾತ್ರ ಏಡಿ ಥರ ಓರೆ ಓಡುತ್ತೆ, ಮುಂದಿನ ಟೈರು ಮೂರು ತಿಂಗಳಿಗೆ ಒಂದು ಕಡೆ ಸವೆಯುತ್ತೆ. ನಮ್ಮಪ್ಪ ಕೂಡ ಒಂದು ಕಾಲಕ್ಕೆ ಹಾಗೇ ಮಾಡಿದ್ದರು, ಅದಕ್ಕೇ ಧೈರ್ಯವಾಗಿ ಹೇಳ್ತಿದ್ದೀನಿ.

ಅಳತೆಗೆ ದೊಡ್ಡ ಮೆಷಿನ್ ಬೇಡ. ಗಾಡಿಯನ್ನ ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ನಾಲ್ಕು ಸ್ಟ್ಯಾಂಡ್ ಮೇಲೆ ಕೂರಿಸಿ. ಅಡಿಯಲ್ಲಿ ಎಡಕ್ಕೂ ಬಲಕ್ಕೂ ಜೋಡಿಯಾಗಿರುವ ಬೋಲ್ಟ್ ತೂತುಗಳಿಂದ ಗಾರೆಯವರ ತೂಕದ ಗುಂಡು ಇಳಿಬಿಡಿ. ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿ. ಆಮೇಲೆ ಗಾಡಿ ತಳ್ಳಿ, ಗುರುತುಗಳ ಮಧ್ಯೆ ಮೂಲೆಯಿಂದ ಮೂಲೆಗೆ ಅಡ್ಡ ಅಳತೆ ಹಿಡಿಯಿರಿ. ಎರಡೂ ಅಡ್ಡ ಅಳತೆ ಒಂದೇ ಇರಬೇಕು. ಮುಂದಿನ ಭಾಗಕ್ಕೆ ಬೇರೆ, ಕೂರುವ ಭಾಗಕ್ಕೆ ಬೇರೆ ನೋಡಿ.

ಸಣ್ಣ ಕಾರು ಸಾಕು:

ಬೈಕೊಂಡರೂ ಪರವಾಗಿಲ್ಲ, ಹೇಳ್ತೀನಿ. ಬೆಲ್ಟ್ ಇಲ್ಲ, ಏರ್‌ಬ್ಯಾಗ್ ಇಲ್ಲ. ಸ್ಟೇರಿಂಗ್ ಕೋಲು ಗಟ್ಟಿ ಕಬ್ಬಿಣದ್ದು, ಈಗಿನ ಕಾರುಗಳ ಹಾಗೆ ಮಡಚಿಕೊಳ್ಳಲ್ಲ. ಮುಂದೆ ಗುದ್ದಿದರೆ ಸೀದಾ ಎದೆಗೆ ಬರುತ್ತೆ. ಈ ಸಲ ಕಂದಿದ್ದಕ್ಕೆ ಮುಗಿಯಿತು. 1983ರದ್ದು ತಗೊಂಡರೂ ಅದೇ ಕಥೆ ಅಲ್ವಾ? ರಾತ್ರಿ ಓಡಾಟಕ್ಕೆ ಒಂದು ಮಾಮೂಲಿ ಕಾರು ತಗೊಳ್ಳಿ, ಸರ್. ನಿಮ್ಮ ಮನೆಯವರು ಹೇಳ್ತಿರೋದೇ ಸರಿ.

ಹಳೇ ಸರ್ವೇಯರ್:

ನಾನು ಇನ್ಶೂರೆನ್ಸ್ ಸರ್ವೇ ಕೆಲಸ ಮಾಡಿ ನಿವೃತ್ತಿ ಆದವನು. ಕಾಗದದ ಕಡೆಯ ಮಾತು ಮಾತ್ರ ಹೇಳುತ್ತೇನೆ.

ಥರ್ಡ್ ಪಾರ್ಟಿ ಮಾತ್ರ ಇದ್ದರೆ ನಿಮ್ಮ ಗಾಡಿಗೆ ನಿಮ್ಮ ಕಂಪನಿ ಒಂದು ಪೈಸೆ ಕೊಡಲ್ಲ. ಆದರೆ ಟ್ರ್ಯಾಕ್ಟರ್‌ಗೆ ಇನ್ಶೂರೆನ್ಸ್ ಇದ್ದರೆ ಅದರ ಮೇಲೆ ಕೇಳಬಹುದು. ಅದಕ್ಕೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬೇಕು. ಹಿಂದಿನಿಂದ ಗುದ್ದಿದವರು ನೀವು, ಹಾಗಾಗಿ ನಿಮ್ಮ ತಪ್ಪೂ ಇಷ್ಟಿದೆ ಅಂತ ಪಾಲು ಕಳೆಯಬಹುದು. ಪೊಲೀಸ್ ದೂರು ಕೊಟ್ಟಿದ್ದೀರಾ? ಲೈಟಿಲ್ಲದ ಟ್ರೈಲರ್ ಫೋಟೊ ಇದೆಯಾ? ಇದ್ದರೆ ತಡ ಮಾಡದೆ ವಕೀಲರನ್ನ ನೋಡಿ.

ಮುಂದಕ್ಕೆ ಪೂರ್ತಿ ಇನ್ಶೂರೆನ್ಸ್ ಮಾಡಿಸೋದಾದರೆ ಇದನ್ನ ನೆನಪಿಡಿ. ಐದು ವರ್ಷ ದಾಟಿದ ಗಾಡಿಯ ಬೆಲೆಯನ್ನ ನೀವೂ ಕಂಪನಿಯೂ ಮಾತಾಡಿಕೊಂಡು ಪಾಲಿಸಿಯಲ್ಲಿ ಬರೆಸಬೇಕು. ರಿಪೇರಿ ಖರ್ಚು ಆ ಬೆಲೆಯ 75% ದಾಟಿದರೆ ಗಾಡಿ ಪೂರ್ತಿ ಹೋದ ಲೆಕ್ಕ. ಸುಮ್ನೆ ಪ್ರೀಮಿಯಂ ಉಳಿಸೋಕೆ 30,000 ಅಂತ ಬರೆಸಿದರೆ, ಒಂದು ಮಡ್‌ಗಾರ್ಡ್, ಒಂದು ಲೈಟು ಹೋದರೂ ಕಥೆ ಮುಗಿಯಿತು. ಇನ್ನು, ಹತ್ತು ವರ್ಷ ದಾಟಿದ ಗಾಡಿಯ ಲೋಹದ ಭಾಗಗಳಿಗೆ 50% ಸವಕಳಿ ಹಿಡಿಯುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದದ್ದು. ಯಾರಾದರೂ "ಬೇರೆ ಫಿಯೆಟ್‌ನ ಪೂರ್ತಿ ಬಾಡಿ ತಂದು ನಿಮ್ಮ ಎಂಜಿನ್ ಕೂರಿಸೋಣ" ಅಂದರೆ ಬೇಡ ಅನ್ನಿ. ಹಾಸನದ ತಮ್ಮ ಹೇಳಿದ ಹಾಗೆ ಬಾಡಿಯೇ ಚಾಸಿ, ಚಾಸಿ ನಂಬರ್ ಇರೋದೂ ಅದರ ಮೇಲೇ. ಬಾಡಿ ಬದಲಾದರೆ ಆರ್‌ಸಿ ಪ್ರಕಾರ ಅದು ನಿಮ್ಮ ತಂದೆಯ ಗಾಡಿಯೇ ಅಲ್ಲ. ಹಳೇ ನಂಬರ್ ತುಂಡು ಕತ್ತರಿಸಿ ಹೊಸ ಬಾಡಿಗೆ ಬೆಸೆಯುವವರೂ ಇದ್ದಾರೆ. ಅದು ಅಪರಾಧ.

2028ಕ್ಕೆ ನಿಮ್ಮ ಗಾಡಿಗೆ 50 ತುಂಬುತ್ತೆ. 2021ರ ನಿಯಮದ ಪ್ರಕಾರ ಆಗ ವಿಂಟೇಜ್ ರಿಜಿಸ್ಟ್ರೇಷನ್‌ಗೆ ಬರುತ್ತೆ, ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಇರದಿದ್ದರೆ. ಆದರೆ ವಿಂಟೇಜ್ ಮಾಡಿಸಿದ ಮೇಲೆ ರ್‍ಯಾಲಿ, ಪ್ರದರ್ಶನ, ಪೆಟ್ರೋಲ್, ರಿಪೇರಿ ಇಂಥದ್ದಕ್ಕೆ ಮಾತ್ರ ರಸ್ತೆಗೆ ತರಬಹುದು. ವಾರ ವಾರ ಮಂಡ್ಯಕ್ಕೆ ಹೋಗೋ ಹಾಗಿಲ್ಲ. ಓಡಿಸಬೇಕು ಅಂದರೆ ಮಾಮೂಲಿ ಐದು ವರ್ಷದ ನವೀಕರಣವೇ ಸಾಕು.

ಪುಣೆ ಗೌಡ:

ನನ್ನ ಹತ್ತಿರ ಎರಡು ಪದ್ಮಿನಿ ಇವೆ. ಒಂದು ಓಡುತ್ತೆ, ಇನ್ನೊಂದು ಮೊದಲನೆಯದಕ್ಕೆ ಊಟ.

ಸಾಮಾನಿಗೆ ಹೆದರಬೇಡಿ. ಕುರ್ಲಾದಲ್ಲಿ ತಯಾರಾದ ಗಾಡಿ, ಮುಂಬೈ ತುಂಬಾ ಟ್ಯಾಕ್ಸಿ ಆಗಿ ಓಡಿದ್ದು. 2023ರ ಅಕ್ಟೋಬರ್‌ನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ಇಳಿಯಿತು. ಬ್ರೇಕು, ಕ್ಲಚ್ಚು, ಕಿಂಗ್ ಪಿನ್ ಇವತ್ತಿಗೂ ಸಿಗುತ್ತವೆ. ಬೆಂಗಳೂರಲ್ಲಿ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಸುತ್ತಿ. ಸಿಗದಿದ್ದರೆ ಚೆನ್ನೈನ ಪುದುಪೇಟೆ. ಕಷ್ಟ ಆಗೋದು ಹೊರಗಿನ ತಗಡು, ಕ್ರೋಮ್ ಬೀಡಿಂಗ್, ಲೈಟಿನ ರಿಂಗು. ಶೋ ತಗೊಳ್ಳುವಾಗ ನಿಮ್ಮದನ್ನ ಕೈಯಲ್ಲೇ ಹಿಡಿದುಕೊಂಡು ಹೋಗಿ, ಆಮೇಲಿನ ಮಾಡೆಲ್‌ದು ಬೇರೆ. ಕೊನೆಗೆ ಬಂದ ಎಸ್1 ಅಂತೂ ಮುಟ್ಟಬೇಡಿ, ಅದಕ್ಕೆ ಗೇರ್ ಸ್ಟೇರಿಂಗ್ ಕೆಳಗಲ್ಲ, ನೆಲದ ಮೇಲೆ.

ಏಪ್ರನ್ ಬೇಕಾದರೆ ಆರ್‌ಸಿ ರದ್ದಾದ ಗಾಡಿಯಿಂದ ತೆಗೆಸಿ. ಗ್ರೈಂಡರ್‌ನಲ್ಲಿ ನಡುವೆ ಕತ್ತರಿಸೋಕೆ ಬಿಡಬೇಡಿ. ಕಂಪನಿ ಸ್ಪಾಟ್ ವೆಲ್ಡ್ ಚುಕ್ಕಿ ಎಲ್ಲಿದೆಯೋ ಅಲ್ಲೇ ಡ್ರಿಲ್ ಮಾಡಿ ಬಿಡಿಸಬೇಕು. ವೆಲ್ಡಿಂಗ್ ಸಿಒ2ನಲ್ಲಿ, ಅಂದರೆ ತಂತಿ ಬಿಡುವ ಮೆಷಿನ್‌ನಲ್ಲಿ ಮಾಡಿಸಿ. ಗ್ಯಾಸ್ ಬೆಂಕಿಗೆ ತೆಳು ತಗಡು ಹಪ್ಪಳದ ಥರ ಏಳುತ್ತೆ.

ಮದ್ದೂರು ಫಿಯೆಟ್:

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಪೂರ್ತಿ ಇದೇ ಕೆಲಸ ಆಯಿತು.

ಡೋರ್ ಸಂದು: ಪಿಲ್ಲರ್ ಕಡೆ ಮೇಲೆ ಕಿರುಬೆರಳು ಹೋಗುತ್ತೆ, ಕೆಳಗೆ ನಾಣ್ಯ ಸಿಕ್ಕಿಹಾಕಿಕೊಳ್ಳುತ್ತೆ. ಎದೆ ಧಸಕ್ ಅಂತು. ಎಡಗಡೆ ಡೋರ್ ಸರಿಯಾಗಿದೆ.

ಪಕ್ಕದ ಮನೆ ಗಾರೆ ಮೇಸ್ತ್ರಿ ಗುಂಡು ಹಿಡಿದುಕೊಂಡು ಅವರೇ ಬಂದರು. ರಾಗಿ ಒಣಗಿಸುವ ಸಿಮೆಂಟ್ ಕಣದಲ್ಲಿ ಅಳತೆ ಹಿಡಿದೆವು. ಕೂರುವ ಭಾಗದ ಎರಡು ಅಡ್ಡ ಅಳತೆಗೂ 3 ಮಿಲಿಮೀಟರ್ ವ್ಯತ್ಯಾಸ. ಮುಂದಿನ ಭಾಗಕ್ಕೆ 22. ಮೇಸ್ತ್ರಿ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು, "ಮನೆ ನೆಟ್ಟಗಿದೆ, ಜಗಲಿ ವಾಲಿದೆ" ಅಂದರು. ನನಗೆ ಅಷ್ಟು ಸಾಕಾಗಿತ್ತು.

ಆದರೆ ಡೋರ್ ಸಂದು ಯಾಕೆ ಹಾಗಾಯಿತು ಅಂತ ಟಿಂಕರ್ ಕಡೆಯ ಹುಡುಗನೊಬ್ಬ ಡೋರ್ ಕೆಳಗಿನ ಪಟ್ಟಿ ಸುತ್ತಿಗೆ ತುದಿಯಲ್ಲಿ ತಟ್ಟಿದ. ಠಣ್ ಅನ್ನಬೇಕಾದ ಕಡೆ ದಬ್ ಅಂತು. ಕೆರೆದರೆ ಬೆರಳು ದಪ್ಪ ಪುಟ್ಟಿ. ಅದರ ಕೆಳಗೆ ಅಡುಗೆ ಎಣ್ಣೆ ಡಬ್ಬದ ತಗಡು, ಒಳಮುಖ ಮಾಡಿ ಬೆಸೆದಿದ್ದಾರೆ. ತಿರುಗಿಸಿದರೆ ಹಳದಿ ಬಣ್ಣದ ಹೂವಿನ ಚಿತ್ರ ಇನ್ನೂ ಇದೆ! ಅಪ್ಪನ ಕಾಲದ ಕೆಲಸ. ಅಮ್ಮನಿಗೆ ತೋರಿಸಿದೆ. "ಹ್ಞೂಂ, 90 ರೂಪಾಯಿಗೆ ಮಾಡಿಸಿದ್ದು, ಅದಕ್ಕೂ ಚೌಕಾಸಿ ಮಾಡಿದ್ರು" ಅಂದರು.

ಅಂದರೆ ಪಿಲ್ಲರ್ ಬುಡ ಗುದ್ದಿದ್ದರಿಂದ ಹೋಗಿದ್ದಲ್ಲ. ತುಕ್ಕು ತಿಂದು ಮೊದಲೇ ಟೊಳ್ಳಾಗಿತ್ತು, ಗುದ್ದಿದಾಗ ಕುಸಿಯಿತು. ಟ್ರೈಲರ್‌ನವನಿಗೆ ಬೈದ ಅರ್ಧದಷ್ಟು ವಾಪಸ್ ತಗೊಂಡಿದ್ದೇನೆ. ಲೈಟಿನ ವಿಷಯಕ್ಕೆ ಬೈದಿದ್ದು ಹಾಗೇ ಇರಲಿ. ದೂರು ಕೊಟ್ಟಿದ್ದೇನೆ, ವಕೀಲರನ್ನ ಈ ವಾರ ನೋಡುತ್ತೇನೆ.

ಮೈಸೂರಿನ 1983ರ ಗಾಡಿಯನ್ನೂ ಸುತ್ತಿಗೆ ಜೇಬಲ್ಲಿಟ್ಟುಕೊಂಡು ಹೋಗಿ ನೋಡಿದೆ. ಎರಡೂ ಕಡೆ ದಬ್. ಮಾಲೀಕರು ಮುಖ ಗಂಟು ಹಾಕಿಕೊಂಡರು. 1,35,000 ಕೊಟ್ಟು ಬೇರೆಯವರ ಎಣ್ಣೆ ಡಬ್ಬ ತರೋದಕ್ಕಿಂತ ನಮ್ಮದೇ ವಾಸಿ ಅನ್ನಿಸಿತು.

ಹಾಗಾಗಿ ರಿಪೇರಿ. ಊರಿನ ಟಿಂಕರ್ ಅಲ್ಲ, ಮೈಸೂರಿನವರೇ. ಆದರೆ ಪೇಂಟ್ ಈಗ ಬೇಡ ಅಂದೆ. ಮೊದಲು ಎರಡೂ ಕಡೆ ಡೋರ್ ಕೆಳಗಿನ ಪಟ್ಟಿ ಬಿಚ್ಚಿ ಹೊಸ ಶೀಟ್, ಆಮೇಲೆ ಬಲಗಡೆ ಏಪ್ರನ್, ಕೊನೆಗೆ ಶೋ, ಮಡ್‌ಗಾರ್ಡ್. ಪ್ರತಿ ಹಂತಕ್ಕೂ ಮೇಸ್ತ್ರಿ ಗುಂಡು ಹಿಡಿದು ಅಳತೆ ಆದ ಮೇಲೆ ದುಡ್ಡು. ಪೇಂಟ್ ಬಿಟ್ಟು 1,10,000ಕ್ಕೆ ಒಪ್ಪಿದ್ದಾರೆ. ಜಾಸ್ತಿಯೇ ಆಯಿತು, ಗೊತ್ತು. ಪ್ರೈಮರ್ ಬಣ್ಣದಲ್ಲೇ ಒಂದು ವರ್ಷ ಓಡುತ್ತೆ.

"ಸಣ್ಣ ಕಾರು ಸಾಕು" ಅವರಿಗೆ: ನಿಮ್ಮ ಮಾತು ಮನೇಲಿ ಓದಿ ಹೇಳಿದೆ, ತಪ್ಪು ಮಾಡಿದೆ. ಕತ್ತಲಾದ ಮೇಲೆ ಫಿಯೆಟ್ ತೆಗೆಯೋ ಹಾಗಿಲ್ಲ ಅಂತ ತೀರ್ಮಾನ ಆಗಿದೆ, ನನ್ನನ್ನ ಕೇಳದೆ. ಮುಂದಿನ ಸೀಟಿಗೆ ಬೆಲ್ಟ್ ಹಾಕಿಸುತ್ತಿದ್ದೇನೆ. ಹೊಸ ಶೀಟ್ ಹಾಕುವಾಗಲೇ ಬೋಲ್ಟ್ ಹಿಡಿಯೋ ಕಡೆ ದಪ್ಪ ಪ್ಲೇಟ್ ಬೆಸೆಯಿರಿ ಅಂತ ಹೇಳಿದ್ದೇನೆ.

ಟಿಂಕರ್ ಮಗ, ಹಾಸನ:

ಒಳ್ಳೇದಾಯ್ತು ಅಣ್ಣ. ಪಟ್ಟಿ ಬಿಚ್ಚುವ ಮುಂಚೆ ಡೋರ್ ಕೂರುವ ಚೌಕದ ಮಧ್ಯೆ ಅಡ್ಡಪಟ್ಟಿ ಬೆಸೆದು ಬಿಗಿ ಮಾಡೋಕೆ ಹೇಳಿ. ಇಲ್ಲ ಅಂದರೆ ಬಿಚ್ಚಿದ ತಕ್ಷಣ ಗಾಡಿ ನಡು ಇಳಿಯುತ್ತೆ. ಎರಡೂ ಕಡೆ ಒಟ್ಟಿಗೆ ಬಿಚ್ಚಬಾರದು.

ಮದ್ದೂರು ಫಿಯೆಟ್:

ಈಗಲೇ ಫೋನ್ ಮಾಡಿ ಹೇಳಿದೆ. ಅವರಿಗೆ ಗೊತ್ತಿತ್ತಂತೆ. ಸ್ವಲ್ಪ ಬೇಜಾರು ಮಾಡಿಕೊಂಡರು.

ಗೌಡ್ರೇ, ನಿಮ್ಮ ಊಟದ ಗಾಡಿಯಲ್ಲಿ ಬಲಗಡೆ ಹೆಡ್‌ಲೈಟಿನ ಕ್ರೋಮ್ ರಿಂಗು ಉಳಿದಿದೆಯಾ? ಶಿವಾಜಿನಗರದಲ್ಲಿ ಇಡೀ ದಿನ ಸುತ್ತಿದೆ, ಎಡಗಡೆಯದು ಮೂರು ಸಿಕ್ಕವು.