ಸಹಾಯ ಬೇಕು: ಮನೆಯಲ್ಲೇ ಐಎನ್‌ಆರ್ ನೋಡುವ ಮೀಟರ್ ಯಾರಾದರೂ ಬಳಸುತ್ತಿದ್ದೀರಾ?

ಎಲ್ಲರಿಗೂ ನಮಸ್ಕಾರ. ನಮ್ಮ ಅಮ್ಮನಿಗೆ ಹೃದಯದ ಮೈಟ್ರಲ್ ವಾಲ್ವ್ ಬದಲಾಯಿಸಿ ಮೆಟಲ್ ವಾಲ್ವ್ ಹಾಕಿದ್ದಾರೆ. ರಕ್ತ ಹೆಪ್ಪುಗಟ್ಟದಂತೆ ದಿನಾ ವಾರ್ಫರಿನ್ ಮಾತ್ರೆ. ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ತೋರಿಸುವ ಅಂಕಿ) 2.5ರಿಂದ 3.5ರ ಒಳಗಿರಬೇಕು ಅಂದಿದ್ದಾರೆ ಡಾಕ್ಟರು. ಕಡಿಮೆಯಾದರೆ ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟುವ ಭಯ, ಜಾಸ್ತಿಯಾದರೆ ರಕ್ತಸ್ರಾವದ ಭಯ. ನಾವಿರುವುದು ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿ. ಟೆಸ್ಟಿಗೆ ಶಿವಮೊಗ್ಗಕ್ಕೆ ಹೋಗಿಬರುತ್ತೇವೆ. ಮಳೆಗಾಲದಲ್ಲಂತೂ ಅಮ್ಮನಿಗೆ ಸಾಕುಸಾಕಾಗುತ್ತದೆ.

ಅದಕ್ಕೆ ಕೋಆಗುಚೆಕ್ ತರಹದ ಮೀಟರ್ ತಗೊಳ್ಳೋಣ ಅಂತಿದ್ದೇವೆ. ಬೆರಳು ಚುಚ್ಚಿ ಒಂದು ಹನಿ ಸ್ಟ್ರಿಪ್‌ಗೆ ಹಾಕಿದರೆ ಸುಮಾರು ಒಂದು ನಿಮಿಷದಲ್ಲಿ ರೀಡಿಂಗ್ ಬರುತ್ತದೆ. ಆದರೆ ಚುಚ್ಚಿದ ಕೂಡಲೇ ಮೊದಲ ಹನಿಯನ್ನೇ ಹಾಕಬೇಕು, ಬೆರಳನ್ನು ಜೋರಾಗಿ ಹಿಂಡಬಾರದು. ಅಮ್ಮನ ಕೈ ಸ್ವಲ್ಪ ನಡುಗುತ್ತದೆ, ಬೆರಳು ಯಾವಾಗಲೂ ತಣ್ಣಗೆ. ಒಬ್ಬರೇ ಇದ್ದಾಗ ಮಾಡಿಕೊಳ್ಳಲು ಆಗುತ್ತಾ? (ಸೂಜಿ ಕಂಡರೇ ಮುಖ ತಿರುಗಿಸುವವರು ಬೇರೆ!)

ನನಗೆ ಜಾಸ್ತಿ ಯೋಚನೆ ಇರುವುದು ರೀಡಿಂಗ್ ನಂಬಬಹುದಾ ಅನ್ನುವುದರ ಬಗ್ಗೆ. ಐಎನ್‌ಆರ್ 4 ದಾಟಿದರೆ ಮೀಟರಿಗೂ ಲ್ಯಾಬಿಗೂ ವ್ಯತ್ಯಾಸ ಹೆಚ್ಚಬಹುದು, ರಕ್ತಹೀನತೆ ತುಂಬಾ ಇದ್ದರೂ ತಪ್ಪು ತೋರಿಸಬಹುದು. ಒಂದೇ ದಿನ ಎರಡೂ ಕಡೆ ನೋಡಿದಾಗ ನಿಮಗೆ ಎಷ್ಟು ಅಂತರ ಬಂತು? ಎಷ್ಟು ತಿಂಗಳಿಗೊಮ್ಮೆ ಲ್ಯಾಬ್ ಜೊತೆ ತಾಳೆ ನೋಡುತ್ತೀರಿ? ಸ್ಟ್ರಿಪ್ ಶಿವಮೊಗ್ಗದಲ್ಲಿ ಸಿಗುತ್ತಾ, ಬೆಂಗಳೂರಿಂದಲೇ ತರಿಸಬೇಕಾ? ಒಂದಕ್ಕೆ ಎಷ್ಟು ಬೀಳುತ್ತದೆ?

ಮಾತ್ರೆಯ ಡೋಸ್ ಬಗ್ಗೆ ಡಾಕ್ಟರನ್ನೇ ಕೇಳುತ್ತೇವೆ, ಅದು ಇಲ್ಲಿ ಬೇಡ. ಬಳಸಿದವರು ದಯವಿಟ್ಟು ತಿಳಿಸಿ.